ಆರನೇ ವಿಷಲ್

"ನಮ್ಮ ಮನೆ, ನಮ್ಮಿಷ್ಟ. ಏನು ತಿನ್ನಬೇಕು ಅನ್ನೋದು ಅವರ ಆಯ್ಕೆ, ಯಾರಿಗೆ ಮನೆ ಕೊಡಬೇಕು ಅನ್ನೋದು ನಮ್ಮ ಆಯ್ಕೆ. ಇದರಲ್ಲಿ ಜಾತಿ ಎಲ್ಲಿಂದ ಬಂತು?"

ಜೆ.ಪಿ. ನಗರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಮಾತು ಬಾಯಿಪಾಠ. 'ಟು-ಲೆಟ್, ಸಸ್ಯಾಹಾರಿಗಳಿಗೆ ಮಾತ್ರ' ಬೋರ್ಡಿನ ಬಗ್ಗೆ ಯಾರಾದರೂ ತಕರಾರು ತೆಗೆದರೆ ಸಾಕು, ಪಾರ್ಕಿನ ಕಲ್ಲುಬೆಂಚಿನಿಂದ ಹಿಡಿದು ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯ ತನಕ ಇದೇ ಪಲ್ಲವಿ. ಎಷ್ಟು ನುಣುಪಾದ ಪದ ನೋಡಿ, ಆಯ್ಕೆ! ದೋಸೆಗೆ ಬೆಣ್ಣೆಯೋ ತುಪ್ಪವೋ ಎಂದು ಸಪ್ಲೈಯರ್ ಕೇಳಿದ ಹಾಗೆ.

ಜಾತಿ ಬಂತು ಸ್ವಾಮಿ. ಬೋರ್ಡಿಗೆ ಬಣ್ಣ ಬಳಿಯುವ ಮೊದಲೇ ಬಂದು ಕೂತಿತ್ತು.

ಕೇಂದ್ರ ಸರ್ಕಾರದ ರಿಜಿಸ್ಟ್ರಾರ್ ಜನರಲ್ ಕಚೇರಿಯ 2014ರ ಸಮೀಕ್ಷೆಯನ್ನು ಒಮ್ಮೆ ನೋಡಿ. ಕರ್ನಾಟಕದಲ್ಲಿ ಹದಿನೈದು ವರ್ಷ ದಾಟಿದವರ ಪೈಕಿ ನೂರಕ್ಕೆ 79 ಮಂದಿ ಮಾಂಸ, ಮೀನು, ಮೊಟ್ಟೆಗಳಲ್ಲಿ ಏನಾದರೊಂದನ್ನು ತಿನ್ನುವವರು. ಎಪ್ಪತ್ತೊಂಬತ್ತು. ನಿಮ್ಮ ಬೋರ್ಡಿನ ಕೆಳಗೆ ಹತ್ತು ಜನ ಹಾದುಹೋದರೆ ಎಂಟು ಜನಕ್ಕೆ ಒಳಗೆ ಬರುವ ಯೋಗ್ಯತೆ ಇಲ್ಲ ಎಂದಾಯಿತು. ಉಳಿದಿಬ್ಬರು ಯಾರು ಎನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು, ಬ್ರೋಕರ್‌ಗಂತೂ ಚೆನ್ನಾಗಿ ಗೊತ್ತು. 'ಯಾವ ಜಾತಿ' ಎಂದು ಬಾಯಿಬಿಟ್ಟು ಕೇಳಿದರೆ ಈಗ ಅಸಹ್ಯವಾಗಿ ಕಾಣುತ್ತದೆ. 'ವೆಜ್ಜಾ ನಾನ್‌ವೆಜ್ಜಾ' ಎಂದು ಕೇಳಿದರೆ ಆರೋಗ್ಯದ ಕಾಳಜಿಯ ಹಾಗೆ ಕಾಣುತ್ತದೆ. ಉತ್ತರ ಮಾತ್ರ ಅದೇ ಸಿಗುತ್ತದೆ.

ಆ 'ನಾನ್‌ವೆಜ್' ಎಂಬ ಪದವನ್ನಾದರೂ ನೋಡಿ. ನೂರಕ್ಕೆ 79 ಜನರ ಊಟಕ್ಕೆ, ಉಳಿದ 21 ಜನರ ಊಟ ಅದಲ್ಲ ಎಂಬುದೇ ಹೆಸರು! ಬಾಡು, ಖಂಡ, ಬೋಟಿ, ಕೈಮ, ತಲೆಮಾಂಸ, ಕಾಲುಸೂಪು ಎಂದು ಬಗೆಬಗೆಯ ಹೆಸರಿರುವ ಭಾಷೆಯಲ್ಲಿ ನಾವೇ ನಮ್ಮ ತಟ್ಟೆಗೆ 'ನಾನ್' ಅಂಟಿಸಿಕೊಂಡು ಓಡಾಡುತ್ತಿದ್ದೇವೆ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಆಮೇಲೆ ಯಾರೋ ಹುಡುಕಿ ತೆಗೆಯುವುದು ಬೇಡ. ನಾವು ಮದ್ದೂರಿನ ಕಡೆಯವರು. ಸಾರಕ್ಕಿ ಸಿಗ್ನಲ್ ಹತ್ತಿರದ ಬ್ರೋಕರ್ ಒಬ್ಬ ಹತ್ತನೇ ಮನೆಯೂ ಕೈತಪ್ಪಿದ ಮೇಲೆ ನನ್ನ ಹೆಗಲ ಮೇಲೆ ಕೈಹಾಕಿ, "ಸಾರ್, ವೆಜ್ಜು ಅಂದ್ಬಿಡಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದ. ಅಂದುಬಿಟ್ಟೆ. ಸುಳ್ಳು ಹೇಳಿ ಮನೆ ಸೇರಿದ್ದು ನಿಜ. ನಾಚಿಕೆ ಆಗಬೇಕಾದದ್ದು ಯಾರಿಗೆ ಎಂಬ ಬಗ್ಗೆ ನನಗೂ ನನ್ನ ಹೆಂಡತಿಗೂ ಇವತ್ತಿಗೂ ಒಮ್ಮತವಿಲ್ಲ.

ಸುಳ್ಳಿಗೂ ಒಂದು ಅಡುಗೆಮನೆ ಬೇಕಲ್ಲ. ಮಟನ್ ಅಂಗಡಿಯವನು ಕರಿ ಕವರಿನಲ್ಲಿ ಹಾಕಿಕೊಟ್ಟದ್ದನ್ನು ಬಟ್ಟೆಚೀಲದೊಳಗೆ ಇಟ್ಟು, ಅದರ ಮೇಲೆ ದಂಟಿನ ಸೊಪ್ಪಿನ ಕಟ್ಟು ಕಾಣುವ ಹಾಗೆ ಹಿಡಿದು ಮೆಟ್ಟಿಲು ಹತ್ತಬೇಕು. ಒಗ್ಗರಣೆಗೆ ಮೊದಲು ಕಿಟಕಿ ಮುಚ್ಚಬೇಕು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ವಾಸನೆ ನೇರ ಮಾಲೀಕರ ತುಳಸಿಕಟ್ಟೆಗೆ, ಅದಕ್ಕೇ ಅದೂ ಬಂದ್. ಮೊಟ್ಟೆ ಸಿಪ್ಪೆ ನನ್ನ ಟಿಫಿನ್ ಬಾಕ್ಸಿನಲ್ಲಿ ಆಫೀಸಿಗೆ ಹೋಗುತ್ತಿತ್ತು. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂಬ ನಿಯಮ ಬಂದಾಗ ಊರೆಲ್ಲ ಪರಿಸರದ ಮಾತಾಡುತ್ತಿದ್ದರೆ ನಮ್ಮ ಮನೆಯಲ್ಲಿ ಚರ್ಚೆ ನಡೆದದ್ದು ಮೂಳೆ ಎಲ್ಲಿ ಹಾಕುವುದು ಎಂದು. ರಾತ್ರಿ ಊಟವಾದ ಮೇಲೆ ವಾಕಿಂಗ್ ನೆಪದಲ್ಲಿ ಎರಡು ಕ್ರಾಸ್ ದಾಟಿ ಹೋಗುತ್ತಿದ್ದೆ, ನ್ಯೂಸ್ ಪೇಪರಿನ ಪೊಟ್ಟಣ ಹಿಡಿದು, ಕಳ್ಳಸಾಗಣೆದಾರನ ಹಾಗೆ. ಬೀದಿನಾಯಿಗಳಿಗೆ ಮಾತ್ರ ನನ್ನ ಮೇಲೆ ಅಪಾರ ಗೌರವ.

ಇಷ್ಟೆಲ್ಲ ಮುಚ್ಚಬಹುದು. ಕುಕ್ಕರನ್ನು ಮುಚ್ಚುವುದು ಹೇಗೆ? ಬೇಳೆಗೆ ಮೂರು ವಿಷಲ್ ಸಾಕು. ಎಳೆ ಕುರಿಯಾದರೂ ಆರು ಬೇಕು. ನಾಲ್ಕನೆಯದಕ್ಕೆ ಕೆಳಗಿನ ಮನೆಯ ಟಿವಿ ಸದ್ದು ಇಳಿಯುತ್ತಿತ್ತು. ಆರನೆಯದಕ್ಕೆ ಕಿಟಕಿ ತೆರೆಯುತ್ತಿತ್ತು. "ಏನಮ್ಮಾ, ಏನ್ ಬೇಯಿಸ್ತಿದ್ದೀಯಾ ಇಷ್ಟೊತ್ತು?" ಎಂದು ಮಾಲೀಕರ ಹೆಂಡತಿ ಕೇಳಿದರೆ ನನ್ನ ಹೆಂಡತಿಯ ಉತ್ತರ ಸಿದ್ಧ: "ಕಡಲೆಕಾಳು ಆಂಟಿ." ನಾಲ್ಕು ವರ್ಷ ಕಡಲೆಕಾಳು. ಆ ಬೀದಿಯ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಡಲೆಕಾಳು ತಿಂದ ಸಂಸಾರ ನಮ್ಮದು.

ವಾಸನೆ ಅನ್ನುತ್ತಾರೆ. ಆಗಲಿ, ವಾಸನೆಯ ವಿಚಾರವನ್ನೇ ಮಾತಾಡೋಣ. ಬೆಳ್ಳುಳ್ಳಿ ಒಗ್ಗರಣೆಯ ಘಾಟಿಗೆ, ಇಂಗಿನ ಘಾಟಿಗೆ, ಉಪ್ಪಿನಕಾಯಿಗೆ ಕಾಯಿಸಿದ ಎಣ್ಣೆಯ ಘಾಟಿಗೆ ಯಾರೂ ಬಾಡಿಗೆ ಕರಾರಿನಲ್ಲಿ ಷರತ್ತು ಹಾಕಿದ್ದನ್ನು ನಾನು ಕಂಡಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿದೆ. ಸ್ವತಃ ಬಾಡು ತಿನ್ನುವ ಮಾಲೀಕರೂ 'ವೆಜ್ ಓನ್ಲಿ' ಬೋರ್ಡ್ ಹಾಕುತ್ತಾರೆ! ನಮ್ಮ ಪೈಕಿಯವರೇ ಇದ್ದಾರೆ. ಮೂರಂತಸ್ತು ಕಟ್ಟಿಸಿ, ಗೃಹಪ್ರವೇಶದ ಮಾರನೇ ದಿನ ಛತ್ರದಲ್ಲಿ ನೆಂಟರಿಗೆಲ್ಲ ಭರ್ಜರಿ ಬಾಡೂಟ ಹಾಕಿಸಿ, ಮೂರನೇ ದಿನ ಗೇಟಿಗೆ ಬೋರ್ಡು. ಇವರ ಮೂಗಿಗೆ ಯಾವ ವಾಸನೆ ಆಗುವುದಿಲ್ಲ? ಕೇಳಿದರೆ "ಡೀಸೆಂಟ್ ಜನ ಬರ್ತಾರೆ ಕಣಪ್ಪ" ಎನ್ನುತ್ತಾರೆ. ಬಿಡಿಸಿ ಹೇಳಿದರೆ, ದಲಿತರು ಬರುವುದಿಲ್ಲ, ಮುಸ್ಲಿಮರು ಬರುವುದಿಲ್ಲ. ಬೋರ್ಡಿಗೂ ನಾಲಿಗೆಯ ರುಚಿಗೂ ಸಂಬಂಧವೇ ಇಲ್ಲ ಎನ್ನುವುದಕ್ಕೆ ಇನ್ನೇನು ಬೇಕು? ನನ್ನ ಮುಸ್ಲಿಂ ಸಹೋದ್ಯೋಗಿಯೊಬ್ಬನನ್ನು ಈ ವೆಜ್ಜು-ನಾನ್‌ವೆಜ್ಜು ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ. ಫೋನಿನಲ್ಲಿ ಹೆಸರು ಹೇಳಿದ ಕೂಡಲೇ ಮನೆ 'ಈಗ ತಾನೇ ಹೋಯ್ತು' ಆಗುತ್ತಿತ್ತು. ಅವನು ಅಪ್ಪಟ ಸಸ್ಯಾಹಾರಿ, ಡಾಕ್ಟರ್ ಹೇಳಿ ಆರು ವರ್ಷವಾಯಿತು.

ಇದು ಬರೀ ನನ್ನ ಹೊಟ್ಟೆಯುರಿ ಅಂದುಕೊಳ್ಳುವವರು 2024ರ ಮಾರ್ಚ್ 19 ಮತ್ತು 20ನ್ನು ನೆನಪಿಸಿಕೊಳ್ಳಿ. ಜೊಮ್ಯಾಟೊ ಕಂಪನಿ 'ಶುದ್ಧ ಸಸ್ಯಾಹಾರ'ಕ್ಕೆ ಬೇರೆ ಪಡೆ, ಹಸಿರು ಅಂಗಿ, ಹಸಿರು ಡಬ್ಬಿ ಎಂದು ಘೋಷಿಸಿತು. ಬೆಳಗಾಗುವುದರೊಳಗೆ ಹಸಿರು ಅಂಗಿ ವಾಪಸ್. ಕಾರಣ ಏನೆಂದುಕೊಂಡಿರಿ? ಕೆಂಪು ಅಂಗಿಯ ಹುಡುಗ ಬಾಗಿಲಿಗೆ ಬಂದನೆಂದರೆ ಮಾಂಸವೇ ಬಂತೆಂದು ಮನೆ ಮಾಲೀಕರು ಬಾಡಿಗೆದಾರರಿಗೆ ಕಾಟ ಕೊಡಬಹುದು ಎಂಬುದನ್ನು ಕಂಪನಿಯ ಆಗಿನ ಮುಖ್ಯಸ್ಥ ದೀಪಿಂದರ್ ಗೋಯಲ್ ಅವರೇ ಒಪ್ಪಿಕೊಳ್ಳಬೇಕಾಯಿತು. ಊಟ ಹೊರುವ ಕಂಪನಿಗೇ ಗೊತ್ತಿರುವ ವಿಷಯ, ನಮ್ಮ ಪಾರ್ಕಿನ ಬೆಂಚಿಗೆ ಮಾತ್ರ ಗೊತ್ತಿಲ್ಲ.

'ದಕ್ಷಿಣ ಬೆಂಗಳೂರಿನ ಸಂಸ್ಕೃತಿ' ಎಂದು ಇನ್ನೊಂದು ವರಸೆ ಇದೆ. ಭಾನುವಾರದ ಪುರವಣಿ ತೆರೆಯಿರಿ: ಎಂಟಿಆರ್, ವಿದ್ಯಾರ್ಥಿ ಭವನ, ಬ್ರಾಹ್ಮಿನ್ಸ್ ಕಾಫಿ ಬಾರ್. ಯಾವುದೂ ನನಗೆ ಬೇಡವಾದದ್ದಲ್ಲ. ವಿದ್ಯಾರ್ಥಿ ಭವನದ ದೋಸೆಗೆ ನಾನೂ ಮುಕ್ಕಾಲು ಗಂಟೆ ಕಾದಿದ್ದೇನೆ. ಆದರೆ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಈಗ ಜಯನಗರದಲ್ಲಿರುವ ಶಿವಾಜಿ ಮಿಲಿಟರಿ ಹೋಟೆಲ್ ಶುರುವಾದದ್ದು 1935ರಲ್ಲಿ, ಅಂದರೆ ಎಂಟು ವರ್ಷ ಹಿರಿದು. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲಂತೂ 1908ರದು, 1924ರ ಎಂಟಿಆರ್‌ಗೂ ಅಣ್ಣ. ಹಾಗಿದ್ದ ಮೇಲೆ ದೋಸೆ ಮಾತ್ರ ಹೇಗೆ ಪರಂಪರೆ ಆಯಿತು, ದೊನ್ನೆ ಬಿರಿಯಾನಿ ಹೇಗೆ ಬರೀ ಬಿರಿಯಾನಿ ಆಗಿ ಉಳಿಯಿತು? ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಕೈಯಲ್ಲಿ ಹಿಡಿದು, ಹಸಿರು ಮಸಾಲೆಯ ಅನ್ನ ಹಬೆಯಾಡುವ ದೊನ್ನೆಗಾಗಿ ಕ್ಯೂ ನಿಲ್ಲುವವರೆಲ್ಲ ಯಾವ ಊರಿನವರು? ಬನಶಂಕರಿ, ಪದ್ಮನಾಭನಗರ, ಜೆ.ಪಿ. ನಗರದವರೇ.

ಜೆ.ಪಿ. ನಗರ ಅಂದೆನಲ್ಲ. ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಕೊತ್ತನೂರು ಎಂಬ ಹಳ್ಳಿಗಳ ಹೊಲ, ಕೆರೆಯಂಗಳ, ತೋಪಿನ ಮೇಲೆ ಎದ್ದ ಬಡಾವಣೆ ಇದು. ರಾಗಿ ಬೆಳೆದು, ಮುದ್ದೆ ಕಟ್ಟಿ, ಊರಹಬ್ಬಕ್ಕೆ ಮರಿ ಕಡಿದ ನೆಲ. ಹೊಸತೊಡಕಿನ ದಿನ ಬೆಳಗ್ಗೆ ಐದಕ್ಕೇ ಗುಡ್ಡೆ ಮಾಂಸದ ಪಾಲು ಹಾಕುತ್ತಿದ್ದ ಜನರ ಜಮೀನಿನಲ್ಲಿ ಸೈಟು ಕೊಂಡು, ಅವರ ಮೊಮ್ಮಕ್ಕಳಿಗೇ 'ನಿಮ್ಮ ಊಟ ನಮ್ಮ ಬಡಾವಣೆಯ ಸಂಸ್ಕೃತಿಗೆ ಹೊಂದುವುದಿಲ್ಲ' ಎನ್ನುವುದಕ್ಕೆ ಧೈರ್ಯ ಬೇಕು. ಇಟ್ಟ ಹೆಸರು ಬೇರೆ ಜಯಪ್ರಕಾಶ ನಾರಾಯಣರದು! ಸಮಾಜವಾದಿ, ಸಂಪೂರ್ಣ ಕ್ರಾಂತಿಯ ಮನುಷ್ಯ. ಪಾಪ, ಅವರಿಗೆ ಇಲ್ಲಿ ಎರಡನೇ ಫೇಸಿನಲ್ಲಿ ಮನೆ ಸಿಗಬೇಕಿದ್ದರೆ ಮೊದಲು ಊಟದ ಪಟ್ಟಿ ಕೊಡಬೇಕಿತ್ತು.

ಹತ್ತು ತಿಂಗಳ ಅಡ್ವಾನ್ಸ್ ವಿಷಯ ತೆಗೆಯಬಾರದು ಎಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ಮನೆಗಳಿಗೆ ಎರಡು ತಿಂಗಳ ಬಾಡಿಗೆಯಷ್ಟು ಠೇವಣಿ ಸಾಕು ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳಿತು. ಈ ಊರಿನಲ್ಲಿ ಅದನ್ನು ಹೇಳಿನೋಡಿ, ಕಾಫಿ ಕೊಟ್ಟು ಕಳಿಸುತ್ತಾರೆ. ಲಕ್ಷಗಟ್ಟಲೆ ದುಡ್ಡು ಬಡ್ಡಿಯಿಲ್ಲದೆ ಇಟ್ಟುಕೊಳ್ಳಬೇಕು, ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳದ್ದು ಮುರಿದುಕೊಳ್ಳಬೇಕು, ವರ್ಷ ವರ್ಷ ಬಾಡಿಗೆ ಏರಿಸಬೇಕು. ಅದರ ಜೊತೆಗೆ ನನ್ನ ಕುಕ್ಕರಿನ ವಿಷಲನ್ನೂ ಎಣಿಸಬೇಕು. ನನ್ನ ದುಡ್ಡು ಯಾವ ಸಾರು ತಿಂದು ಸಂಪಾದಿಸಿದ್ದು ಎಂದು ಮಾತ್ರ ಒಬ್ಬರೂ ಕೇಳಿದ್ದಿಲ್ಲ.

ಇದೇ ಮನೆಮಾಲೀಕರ ಬುದ್ಧಿ ಈಗ ಗೇಟು ದಾಟಿ ಊರೆಲ್ಲ ಓಡಾಡುತ್ತಿದೆ ಎನ್ನುವುದೇ ನನ್ನ ಸಿಟ್ಟು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅದರ ನಿಯಮಗಳಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ನಿಷೇಧ ಹಾಕಿದ್ದರು. ಮಂಡ್ಯದಲ್ಲಿ! ಬೀಡಿ, ಬ್ರಾಂದಿ, ನಮ್ಮವ್ವನ ಕೋಳಿಸಾರು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ವೇದಿಕೆಯ ಮೇಲೆ ಹೊಗಳಬಹುದು, ಅದರೊಳಗಿನ ಜನ ಉಣ್ಣುವುದನ್ನು ಮಾತ್ರ ವೇದಿಕೆಯ ಹಿಂದೆ ಬಡಿಸಬಾರದು. ಮಂಡ್ಯದವರು ಸುಮ್ಮನಿರಲಿಲ್ಲ, 'ಬಾಡೇ ನಮ್ಮ ಗಾಡು' ಎಂದು ಬೀದಿಗಿಳಿದರು, ಕೊನೆಯ ದಿನ ಮೊಟ್ಟೆ ಹಂಚಿದರು. ಅದನ್ನು 'ಸಾಹಿತ್ಯದ ಜಾತ್ರೆಯಲ್ಲಿ ಊಟಕ್ಕಾಗಿ ಗಲಾಟೆ' ಎಂದು ಮೂಗು ಮುರಿದವರು ಅನೇಕರು. ಹೋಳಿಗೆ ಕಡಿಮೆ ಬಿತ್ತೆಂದು ಗಲಾಟೆಯಾದರೆ ಅದು ಮಾತ್ರ ವ್ಯವಸ್ಥೆಯ ಲೋಪ.

ಇನ್ನು ಶಾಲೆಯ ಮೊಟ್ಟೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಕಡೆ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದದ್ದೇ ತಡ, ಮಠಗಳಿಂದ ಎಂಥೆಂಥ ಹೇಳಿಕೆ! ಯಾದಗಿರಿಯಲ್ಲಿ ಮೊಟ್ಟೆ ತಿಂದ ಮಕ್ಕಳು ಮೊಟ್ಟೆಯಿಲ್ಲದ ಗದಗಿನ ಮಕ್ಕಳಿಗಿಂತ ಚೆನ್ನಾಗಿ ಬೆಳೆದರು ಎಂದು ಅಧ್ಯಯನ ಹೇಳಿತು. ಹೇಳಿದರೇನು? 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆಂದು ರಾಜ್ಯದಿಂದ ಹೋದ ನಿಲುವು ಪತ್ರವೊಂದು, ಭಾರತೀಯರದು ಸಣ್ಣ ಮೈಕಟ್ಟು, ಮೊಟ್ಟೆ-ಮಾಂಸ ಆಗಿಬರುವುದಿಲ್ಲ ಎಂಬ ಅರ್ಥದ ಮಾತು ಬರೆಯಿತು. ಮೈಕಟ್ಟು ಸಣ್ಣದಾಗಿರುವುದು ಯಾಕೆ ಎಂದು ಆ ಪತ್ರ ಬರೆದವರು ಯಾದಗಿರಿಯ ಯಾವ ಮಗುವನ್ನಾದರೂ ಕೇಳಬಹುದಿತ್ತು. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ 1,591 ಕೋಟಿ ರೂಪಾಯಿ ಕೊಡಲು ಒಪ್ಪಿ, ವಾರಕ್ಕೆರಡು ಇದ್ದ ಮೊಟ್ಟೆ ಆರಾಯಿತು. ಬೇಡದ ಮಗುವಿಗೆ ಬಾಳೆಹಣ್ಣು, ಚಿಕ್ಕಿ ಉಂಟು. ಬೇಕಾದವರಿಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು: ಆಯ್ಕೆ ಎಂದರೆ ಇದು ತಾನೇ? ಆಯ್ಕೆಯ ಮಂತ್ರ ಜಪಿಸುವವರೇ ಇದನ್ನು ವಿರೋಧಿಸಿದ್ದು.

ನನ್ನ ಊಟವನ್ನು ನಾನೇನೂ ಆರಿಸಿಕೊಂಡವನಲ್ಲ, ಮಾಲೀಕರೂ ಆರಿಸಿಕೊಂಡವರಲ್ಲ. ಹಲ್ಲು ಬರುವ ಮೊದಲೇ ನಮ್ಮವ್ವ ನಾಟಿಕೋಳಿ ಸಾರಿನ ತಿಳಿಯಲ್ಲಿ ಮುದ್ದೆ ಅದ್ದಿ ನನ್ನ ಬಾಯಿಗಿಟ್ಟಿದ್ದಳು. ಅವರಮ್ಮ ತಿಳಿಸಾರಿನಲ್ಲಿ ಅನ್ನ ಕಲಸಿ ಇಟ್ಟಿರುತ್ತಾರೆ. ಅಲ್ಲಿಗೆ ಇಬ್ಬರೂ ಸಮ. ಆಮೇಲೆ ಒಬ್ಬರ ಕೈಗೆ ಬೋರ್ಡು ಬಂತು.

ಪಿತೃಪಕ್ಷ ಬಂದರೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವುದು ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೇ. ನಮ್ಮಪ್ಪನಿಗೆ ತಲೆಮಾಂಸ. ಆ ಬಾಡಿಗೆ ಮನೆಯಲ್ಲಿದ್ದ ಮೊದಲ ಮೂರು ವರ್ಷ ಎಡೆಯನ್ನು ಕನಕಪುರ ರಸ್ತೆಯ ತಮ್ಮನ ಮನೆಗೇ ಹೋಗಿ ಇಟ್ಟೆವು. ನಾಲ್ಕನೇ ವರ್ಷ ತಮ್ಮನಿಗೆ ವರ್ಗವಾಯಿತು. ಬೇರೆ ದಾರಿಯಿಲ್ಲದೆ ಮಹಾಲಯ ಅಮಾವಾಸ್ಯೆಯ ಸಂಜೆ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಏಳು ವಿಷಲ್ ಕೂಗಿಸಿ, ಬಾಳೆಎಲೆಯ ತುದಿಗೆ ಬಡಿಸಿ, ಅಪ್ಪನ ಫೋಟೊದ ಮುಂದೆ ಮೂವರೂ ಕೈಮುಗಿದು ನಿಂತೆವು. ಕೆಳಗೆ ಕಿಟಕಿ ತೆರೆದ ಸದ್ದಾಯಿತು. ಒಂದನೇ ಕ್ಲಾಸಿನ ಮಗಳು ನನ್ನ ಅಂಗಿ ಜಗ್ಗಿ, ಪಿಸುಮಾತಿನಲ್ಲಿ ಕೇಳಿದಳು:

"ಅಪ್ಪಾ, ತಾತಂಗೂ ಕಡಲೆಕಾಳು ಅಂತ್ಲೇ ಹೇಳ್ಬೇಕಾ?"