ಎಂಎಚ್ ಗಾಡಿ, ಕೆಎ ನಂಬರು

ಹೋದ ತಿಂಗಳು ಊರಿಗೆ ಹೋದಾಗ ಚಿಕ್ಕಪಡಸಲಗಿಯಲ್ಲಿ ಕಾಕಾನ ಮನೆ ಮುಂದೆ ಅದೇ ಬಿಳಿ ಕಾರು ನಿಂತಿತ್ತು. ಪ್ಲೇಟಿನ ಮೇಲೆ ಈಗಲೂ ಎಂಎಚ್. ತಂದು ಮೂರು ವರ್ಷ ಆಯಿತು.

"ಕಾಕಾ, ಇನ್ನೂ ನಂಬರ್ ಬದ್ಲಿ ಮಾಡ್ಸಿಲ್ಲೇನು?"

"ಮಾಡ್ಸೂದೈತಿ ತಮ್ಮಾ. ಈ ಸಲ ಕಬ್ಬಿನ ಬಿಲ್ ಬರ್ಲಿ."

ಕಬ್ಬಿನ ಬಿಲ್ಲು ಬರುತ್ತೆ, ಹೋಗುತ್ತೆ. ನಂಬರು ಮಾತ್ರ ಹಾಗೇ ಇದೆ :)

ನಮ್ಮ ಕಡೆಯವರಿಗೆ ಇದೇನು ಹೊಸ ಕಥೆಯಲ್ಲ. ಜಮಖಂಡಿಯವರಿಗೆ ಬೆಂಗಳೂರು ದೂರ, ಸಾಂಗ್ಲಿ-ಮಿರಜ ಹತ್ತಿರ. ದೊಡ್ಡ ದವಾಖಾನೆಗೂ ಆ ಕಡೆ, ಬೀಗತನಕ್ಕೂ ಆ ಕಡೆ, ಹಳೇ ಗಾಡಿಗೂ ಆ ಕಡೆಯೇ. 1956ರ ನವೆಂಬರ್ 1ರ ತನಕ ನಾವೂ ಅವರೂ ಒಂದೇ ಮುಂಬೈ ರಾಜ್ಯದಲ್ಲಿದ್ದವರು. ಈಗ ಆ ಊರಿಂದ ಕಾರು ತಂದರೆ ಮಾತ್ರ ಅದು ಪರದೇಶದ ಮಾಲು!

ಕಾನೂನೇನೋ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ನಂಬರು ಪಡೆಯಲೇಬೇಕು. ಅದಕ್ಕೆ ಮೊದಲು ಆಚೆ ಕಚೇರಿಯಿಂದ ಫಾರ್ಮ್ 28ರಲ್ಲಿ ಎನ್‌ಒಸಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು (ಚಿಕ್ಕವರಿದ್ದಾಗ ನಾಣ್ಯದ ಮೇಲೆ ಉಜ್ಜುತ್ತಿದ್ದೆವಲ್ಲ, ಹಾಗೇ). ಮೊದಲ ಮಾಲೀಕ ಸಾಲ ಮಾಡಿದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35. ಹೆಸರು ಬದಲಿಗೆ 29, 30. ನಂಬರಿಗೆ 27. ಇಷ್ಟೆಲ್ಲ ಆದಮೇಲೆ ಕೆಎ-48.

ಫಾರ್ಮುಗಳಿಗೆ ಯಾರೂ ಹೆದರಲ್ಲ ಬಿಡಿ, ಏಜೆಂಟ್ ತುಂಬುತ್ತಾನೆ. ಕಾಕಾ ಹೆದರಿದ್ದು ತೆರಿಗೆಗೆ. ಕರ್ನಾಟಕದ ಆಜೀವ ತೆರಿಗೆ ಮೊದಲೇ ಜಾಸ್ತಿ. ಗಾಡಿ ಹಳೆಯದಾದಷ್ಟೂ ದರ ಇಳಿಯುತ್ತೆ ನಿಜ, ಆದರೆ ಲೆಕ್ಕ ಹಿಡಿಯುವುದು ಕಾಕಾ ಕೊಟ್ಟ ಎರಡು ಲಕ್ಷದ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ಆಚೆ ರಾಜ್ಯದಲ್ಲಿ ಮೊದಲೇ ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳದ್ದು ವಾಪಸ್ ಕೇಳಬಹುದಂತೆ. ಕೇಳಬೇಕಾದರೆ ಮೊದಲು ಇಲ್ಲಿ ಪೂರ್ತಿ ಕಟ್ಟಿ, ಆ ರಸೀದಿ ಹಿಡಿದು ಅಲ್ಲಿಗೆ ಹೋಗಬೇಕು. ಅಲ್ಲಿ ತೆರಿಗೆ ಕಟ್ಟಿದವನು ಮೊದಲ ಮಾಲೀಕ, ಕೇಳುವವನು ಎರಡನೆಯವನು. ಕಬ್ಬು ಕಡಿಯೋದು ಬಿಟ್ಟು ಯಾವ ರೈತ ಆ ಕಚೇರಿಗೆ ಅಲೆಯುತ್ತಾನೆ ಹೇಳಿ?

ಸರ್ಕಾರಕ್ಕೆ ಈ ತೊಂದರೆ ಗೊತ್ತಿಲ್ಲ ಅಂತೇನಿಲ್ಲ. 2021ರಲ್ಲಿ ಬಿಎಚ್ ಸರಣಿ ಬಂತು. ಅದರಲ್ಲಿ ರಾಜ್ಯ ಬದಲಿಸಿದರೆ ನಂಬರು ಬದಲಿಸಬೇಕಿಲ್ಲ, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು. ಯಾರಿಗೆ? ಸರ್ಕಾರಿ ನೌಕರರಿಗೆ, ಸೈನ್ಯದವರಿಗೆ, ನಾಲ್ಕು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳವರಿಗೆ. ಅಂದರೆ ತಿಂಗಳ ಸಂಬಳ ಬರುವವನಿಗೆ ಕಂತು, ವರ್ಷಕ್ಕೊಮ್ಮೆ ಬಿಲ್ಲು ಬರುವವನಿಗೆ ಇಡುಗಂಟು. ನನಗೆ ಸಿಟ್ಟು ಬರೋದು ಇಲ್ಲಿ. ಎರಡು ವರ್ಷದ ಕಂತು ಎಲ್ಲರಿಗೂ ಕೊಡಲಿ. ಉಳಿದ ತೆರಿಗೆಯ ಲೆಕ್ಕವನ್ನು ಎರಡು ರಾಜ್ಯಗಳೇ ತಮ್ಮತಮ್ಮಲ್ಲಿ ಚುಕ್ತಾ ಮಾಡಿಕೊಳ್ಳಲಿ. ಜಿಎಸ್‌ಟಿಯಲ್ಲಿ ಮಾಡುತ್ತಿಲ್ಲವೇ?

ಇನ್ನು ತಡ ಮಾಡಿದಷ್ಟೂ ಖರ್ಚು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ್ದಕ್ಕೆ 10,000. (ನಿಜವಾದ ಪರದೇಶದ ಕಾರಾದರೆ 80,000. ಅದು ನಮ್ಮೂರಿನ ಚಿಂತೆಯಲ್ಲ.)

ಹಾಗಂತ ಕಾಕಾ ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ನಂಬರಿನ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ ಅನ್ನೋದನ್ನ ನಾವು ಮರೆಯುತ್ತೇವೆ. 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟ ಆಗಿತ್ತು, ವಿಮೆ ಇರಲಿಲ್ಲ, ಅಪಘಾತ ಆಯಿತು. ಪರಿಹಾರ ಯಾರು ಕೊಡಬೇಕು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನು, ಅಂದರೆ ಯಾವತ್ತೋ ಮಾರಿ ಕೈತೊಳೆದುಕೊಂಡಿದ್ದ ಮೊದಲ ಮಾಲೀಕ.

ಕಾಕಾನಿಗೆ ಕಾರು ಮಾರಿದವರು ಒಬ್ಬ ನಿವೃತ್ತ ಶಾಲಾ ಮಾಸ್ತರು. ಅಂದು ಮನೆಗೆ ಹೋದಾಗ ಊಟ ಹಾಕಿಸಿ, ಕೀಲಿಕೈ ಕೊಟ್ಟು, ಹಾಳೆಗಳ ಮೇಲೆ ಸಹಿ ಮಾಡಿ ಕಳಿಸಿದ್ದರು. ಆ ಹಾಳೆಗಳು ಇವತ್ತಿಗೂ ಕಾಕಾನ ಟ್ರಂಕಿನಲ್ಲಿವೆ. ಕಾರು ಇವತ್ತಿಗೂ ಮಾಸ್ತರ ಹೆಸರಲ್ಲಿದೆ. ವಿಮೆ ಹೋದ ಯುಗಾದಿಗೇ ಮುಗಿದಿದೆ, ಅದನ್ನು ನಾನು ನೋಡಿದ್ದೇ ಅವತ್ತು.

1989ರಲ್ಲಿ ಸರ್ಕಾರಕ್ಕೆ ಕಾಯದೆ ಕೃಷ್ಣೆಗೆ ತಾವೇ ಬ್ಯಾರೇಜು ಕಟ್ಟಿಕೊಂಡ ಊರು ಇದು. ಸ್ವಂತ ದುಡ್ಡು, ಸ್ವಂತ ರಟ್ಟೆ. ಆ ಊರಿನವನಿಗೆ ಒಂದು ನಂಬರು ಬದಲಿಸಲು ಆಗುತ್ತಿಲ್ಲ ಅಂದೆ. ಕಾಕಾ ನಗಲಿಲ್ಲ. ಕೋರ್ಟಿನ ಕಥೆ ಹೇಳಿದ ಮೇಲಂತೂ ಬಹಳ ಹೊತ್ತು ಮಾತೇ ಆಡಲಿಲ್ಲ.

ಆಮೇಲೆ ಕೇಳಿದ: "ಮಾಸ್ತರ ಫೋನ್ ನಂಬರ್ ಎಲ್ಲೈತಿ ನೋಡ ತಮ್ಮಾ. ಅವ್ರು ಅದಾರೋ ಇಲ್ಲೋ..."