ಬರೆದುಕೊಟ್ಟು ಹೊರಡುವ ಮುನ್ನ

ಹೊಸಪೇಟೆ ಕಡೆಯ ಒಂದು ಆಸ್ಪತ್ರೆಯ ಐಸಿಯು ಹೊರಗೆ ಕಂಪ್ಲಿಯ ಅಪ್ಪನೊಬ್ಬ ಕೂತಿದ್ದ. ಒಳಗೆ ಐದು ವರ್ಷದ ಮಗಳು ಒಂಬತ್ತು ದಿನದಿಂದ ವೆಂಟಿಲೇಟರ್ ಮೇಲೆ. ‘ಸಾಕು ಬಿಡ್ರಿ ಸಾರ್, ಮನಿಗೆ ಒಯ್ತೀವಿ’ ಅಂದ. ನರ್ಸ್ ಕಾಗದ ತಂದರು: ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇನೆ. ಹೆಬ್ಬೆಟ್ಟು ಒತ್ತಿದವನು ಆ ಶಾಯಿಯನ್ನು ಬಹಳ ಹೊತ್ತು ಪಂಚೆಗೆ ಒರೆಸುತ್ತಲೇ ಇದ್ದ.

ಕಾನೂನಿನ ದಾರಿ ಬೇರೆ. ಸುಪ್ರೀಂ ಕೋರ್ಟಿನ 2018ರ ತೀರ್ಪು, ಅದನ್ನು ಸರಳಗೊಳಿಸಿದ 2023ರ ಆದೇಶ, ಅವುಗಳ ಜಾರಿಗೆ ರಾಜ್ಯ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆ. ಗುಣವಾಗುವ ಆಸೆಯೇ ಇಲ್ಲದ ರೋಗಿಯ ಯಂತ್ರ ತೆಗೆಯಲು ಮೂವರು ವೈದ್ಯರ ಮಂಡಳಿ ಒಪ್ಪಬೇಕು. ಬೇರೆ ಮೂವರ ಮಂಡಳಿ ಮತ್ತೆ ನೋಡಬೇಕು. ಈ ಎರಡನೇ ಮಂಡಳಿಯ ಒಬ್ಬರನ್ನು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸುತ್ತಾರೆ. ತಜ್ಞರಿಗೆ ಕನಿಷ್ಠ 5 ವರ್ಷದ ಅನುಭವ ಬೇಕು, ಮನೆಯವರ ಒಪ್ಪಿಗೆ ಬೇಕು, ತೀರ್ಮಾನದ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಸಂಡೂರು, ಕಂಪ್ಲಿಯಂಥ ಊರಲ್ಲಿ ರಾತ್ರಿ ಹೊತ್ತು ಮಕ್ಕಳ ಡಾಕ್ಟರೊಬ್ಬರು ಸಿಕ್ಕರೇ ಪುಣ್ಯ, ಆರು ಮಂದಿ ಎಲ್ಲಿಂದ ಬರಬೇಕು?

ಅದಕ್ಕೇ, ಇದೆಲ್ಲ ಬಿಟ್ಟು ಹೆತ್ತವರ ಮಾತಿಗೆ ಬೆಲೆ ಕೊಡಿ ಅನ್ನುವವರಿದ್ದಾರೆ. ಹಗುರವಾದ ವಾದವಲ್ಲ. ಗಂಟಲ ಕೊಳವೆಯಿಂದ ಕಫ ಎಳೆಯುವಾಗ ಕೂಸಿನ ಮೈ ಸೆಟೆಯುವುದನ್ನು ಕಂಡವರು ಇನ್ನೊಂದು ದಿನ ಇರಲಿ ಎಂದು ಸಲೀಸಾಗಿ ಹೇಳಲಾರರು. ಹೋಗುವ ಜೀವ ಅಮ್ಮನ ತೊಡೆಯ ಮೇಲಿಂದ ಹೋಗಲಿ ಅನ್ನುವುದರಲ್ಲಿ ತಪ್ಪೇನಿದೆ?

ಆದರೆ ‘ಸಾಕು’ ಅಂದದ್ದು ಅಪ್ಪನೋ, ಅವನ ಸಾಲವೋ? ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ ನಿಜ. ಅದಿರು ಲಾರಿಗಳ ನಡುವೆ ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60 ಕಿಲೋಮೀಟರ್ ಓಡಾಟ, ತಪ್ಪಿದ ಕೂಲಿ, ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದ ಉಳಿದ ಮಕ್ಕಳು ಯಾವ ಕಾರ್ಡಿಗೂ ಬರುವುದಿಲ್ಲ. ಮಗು ಗಂಡಾಗಿದ್ದರೆ ಇನ್ನೆರಡು ದಿನ ಕಾಯುತ್ತಿದ್ದರೇ? ಬಾಯಿಗೆ ಬರಬಾರದ ಪ್ರಶ್ನೆ, ಆದರೂ ಯಾರಾದರೂ ಕೇಳಬೇಕು. ಚಿಕ್ಕ ಮಕ್ಕಳು ಡಾಕ್ಟರ ಲೆಕ್ಕ ತಪ್ಪಿಸಿ ಎದ್ದು ಕೂತದ್ದೂ ಉಂಟು. ಹಾಗಾಗಿ ಎರಡನೇ ಮಂಡಳಿ ಇರಲೇಬೇಕು ಅನಿಸುತ್ತದೆ ನನಗೆ; ಬಳ್ಳಾರಿ, ಹುಬ್ಬಳ್ಳಿಯ ತಜ್ಞರು ವಿಡಿಯೋ ಕರೆಯಲ್ಲಾದರೂ ಕೂತರೆ ಸಾಕು.

ಆ ಕಾಗದದ ವಿಷಯ ಮಾತ್ರ ನನಗೆ ಜೀರ್ಣವಾಗಿಲ್ಲ. ಹಿಂದಿನ ಸಂಜೆ ‘ನಮ್ ಕೈಯಾಗ ಇನ್ನೇನೂ ಇಲ್ಲಪ್ಪ’ ಅಂದವರು ಡಾಕ್ಟರೇ. ಬೆಳಿಗ್ಗೆ ಅವರ ಸಲಹೆ ಮೀರಿ ಹೋದವನು ಅಪ್ಪ ಅಂತ ಬರೆಸಿಕೊಂಡರು. ವ್ಯಾನ್ ಹತ್ತಿಸುವಾಗ ಉಸಿರು ಒತ್ತುವ ಅಂಬು ಬ್ಯಾಗನ್ನು ಅವನ ಕೈಗೇ ಕೊಟ್ಟರು. ‘ಊರು ಮುಟ್ಟೋತನಕ ಒತ್ತಾ ಇರು’ ಅಂದರು. ಮುಟ್ಟಿದ ಮೇಲೆ ಏನು ಮಾಡಬೇಕು ಅಂತ ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ.