ಗಾಡಿಯ ರೋಗ, ಹುಡುಗನಿಗೆ ಬೈಗುಳ



ಹೋದ ಸಂಚಿಕೆಯಲ್ಲಿ ಹಪ್ಪಳದ ಹಿಟ್ಟಿನ ಹದದ ಬಗ್ಗೆ ಬರೆದಿದ್ದೆ. ಈ ಸಲ ಒಲೆ ಮುಂದಿನಿಂದ ಎದ್ದು ಅಂಗಳಕ್ಕೆ ಬಂದಿದ್ದೇನೆ. "ಗಾಡಿ ರಿಪೇರಿ ನಮಗ್ಯಾಕಮ್ಮ?" ಅಂತ ಮೂಗು ಮುರಿಯಬೇಡಿ. ದುಡ್ಡು ಯಾವ ತೂತಿನಿಂದ ಸೋರಿದರೂ ಕೊನೆಗೆ ಕೈ ಹಾಕೋದು ನಮ್ಮ ಸಾಸಿವೆ ಡಬ್ಬಿಗೇ ಅಲ್ಲವೇ?

ತಿಪಟೂರಿನಲ್ಲಿ ನಮ್ಮದು ಮದುವೆ-ಮುಂಜಿಗೆ ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಸಾಮಾನು ಸಾಗಿಸಲು ಹಳೆಯದೊಂದು ಪೆಟ್ರೋಲ್ ಪಿಕಪ್ ಇದೆ. 2000ನೇ ಇಸವಿಯ ಆಚೀಚೆ ಹೊಸ ಪೆಟ್ರೋಲ್ ಕಾರುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂತಲ್ಲ, ಇದು ಅದಕ್ಕೂ ಹಿಂದಿನ ಕಾರ್ಬುರೇಟರ್ ಗಾಡಿ. ಓಡಿಸುವವನು ನಮ್ಮ ನಾದಿನಿ ಮಗ. ಅಪ್ಪ ಇಲ್ಲದ ಹುಡುಗ, ನಮ್ಮಲ್ಲೇ ಊಟ.

ಎರಡು ತಿಂಗಳ ಹಿಂದೆ ಗಾಡಿಗೆ ಹೊಸ ರೋಗ ಬಂತು. ಬಾಗಿಲಲ್ಲಿ ನಿಂತಿದ್ದರೂ, ಯಾರೂ ಎಕ್ಸಲೇಟರ್ ತುಳಿಯದಿದ್ದರೂ, ಇಂಜಿನ್ ಮಾತ್ರ ಹೋ ಅಂತ ಅರಚುತ್ತಿತ್ತು. ಇಳಿಜಾರಿನಲ್ಲಿ ಕಾಲು ತೆಗೆದರೂ ವೇಗ ತಗ್ಗುತ್ತಿರಲಿಲ್ಲ. ಪೆಟ್ರೋಲ್ ಖರ್ಚಂತೂ ಕೇಳಲೇಬೇಡಿ. 2021ರಲ್ಲಿ ಲೀಟರಿಗೆ 100 ರೂಪಾಯಿ ದಾಟಿದ ಮೇಲೆ ನಾನು ಪೆಟ್ರೋಲಿಗೂ ಹಾಲಿನ ಲೆಕ್ಕದ ಹಾಗೆ ಪುಸ್ತಕ ಇಟ್ಟಿದ್ದೇನೆ. 10 ಲೀಟರಿಗೆ 100 ಕಿಲೋಮೀಟರ್ ಓಡುತ್ತಿದ್ದದ್ದು 70ಕ್ಕೆ ಇಳಿಯಿತು.

ಮೆಕ್ಯಾನಿಕ್ ಬಂದ, ಐಡ್ಲಿಂಗ್ ಸ್ಕ್ರೂ ಪೂರ್ತಿ ಸಡಿಲ ಮಾಡಿದ. ರೇಸ್ ಇಳಿಯಲಿಲ್ಲ. "ಕಾರ್ಬುರೇಟರೇ ಹೋಗಿದೆ, ಬದಲಾಯಿಸಿ" ಅಂದ. ಎಮಿಷನ್ ಟೆಸ್ಟಿನಲ್ಲೂ ಗಾಡಿ ಫೇಲಾಯಿತು. ನಮ್ಮದರಂಥ ಹಳೇ ಪೆಟ್ರೋಲ್ ಗಾಡಿಗೆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 3 ದಾಟಬಾರದು, ದಾಟಿತ್ತು.

ಆ ರಾತ್ರಿ ಯಜಮಾನರ ಸಿಟ್ಟೆಲ್ಲ ಹುಡುಗನ ಮೇಲೆ. "ಪೆಟ್ರೋಲ್ ಎಲ್ಲಿಗೆ ಹೋಗ್ತಿದೆಯೋ? ಯಾರಿಗೆ ಮಾರ್ತಿದೀಯ?" ಅಂದುಬಿಟ್ಟರು. "ಮಾವ, ದೇವರಾಣೆ ಇಲ್ಲ" ಅಂದ ಅಷ್ಟೆ, ತಟ್ಟೆ ಸರಿಸಿ ಎದ್ದು ಹೋದ. ನಾನಾದರೂ ಬಾಯಿ ಬಿಟ್ಟೆನೇ? ಇಲ್ಲ. ನಿಜ ಹೇಳಬೇಕೆಂದರೆ, ನನ್ನ ಮನಸ್ಸಿನ ಮೂಲೆಯಲ್ಲೂ ಅದೇ ಅನುಮಾನ ಸುಳಿದಿತ್ತು. ಮೂರು ದಿನ ಹುಡುಗ ಊಟಕ್ಕೆ ಬರಲಿಲ್ಲ.

ಮೂರನೇ ದಿನ ಲೆಕ್ಕದ ಪುಸ್ತಕ ತಿರುವಿ ಹಾಕುತ್ತಿದ್ದೆ. ಹಿಂದಿನ ವಾರ ಹುಡುಗನಿಗೆ ಜ್ವರ. ಅರಸೀಕೆರೆಗೆ ಮೂರು ಸಲ ಗಾಡಿ ಓಡಿಸಿದ್ದು ನಮ್ಮ ಯಜಮಾನರೇ. ಆ ವಾರವೂ ಅದೇ 70! ಕದ್ದವನು ಹುಡುಗನಲ್ಲ, ಕುಡಿದದ್ದು ಗಾಡಿ. ಸೆರಗು ಸಿಕ್ಕಿಸಿಕೊಂಡು ಹೋಗಿ ಅವನನ್ನು ಕರೆದೆ: "ಬಾರಪ್ಪ, ಇಬ್ಬರೂ ಸೇರಿ ನೋಡೋಣ."

ಒಂದು ಮಾತು ತಿಳಿದಿರಲಿ. ಕಾರ್ಬುರೇಟರ್ ಅಂದರೆ ನಮ್ಮ ಗ್ಯಾಸ್ ಬರ್ನರಿನ ಅಣ್ಣ. ಅಲ್ಲಿ ಗ್ಯಾಸಿಗೆ ಗಾಳಿ ಬೆರೆಯುತ್ತೆ, ಇಲ್ಲಿ ಪೆಟ್ರೋಲಿಗೆ. ಐಡ್ಲಿಂಗ್ ಅಂದರೆ ಒಲೆ ಸಿಮ್ಮಿನಲ್ಲಿ ಇಟ್ಟ ಹಾಗೆ. ಚೋಕ್ ಅಂದರೆ ಗಾಳಿ ಬಾಯಿಗೆ ಒಂದು ಮುಚ್ಚಳ. ಬೆಳಗಿನ ಚಳಿಯಲ್ಲಿ ಇಂಜಿನ್ ಹಿಡಿದುಕೊಳ್ಳಲು ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ ಬೇಕು. ಅದಕ್ಕೇ ಚೋಕ್ ಎಳೆಯೋದು. ಎಳೆದಾಗ ಅನೇಕ ಗಾಡಿಗಳಲ್ಲಿ ರೇಸ್ ಕೂಡ ತಾನಾಗಿ ಸ್ವಲ್ಪ ಏರುತ್ತೆ. ಇಂಜಿನ್ ಬಿಸಿಯಾದ ಮೇಲೆ ಚೋಕ್ ಪೂರ್ತಿ ಒಳಗೆ ಹೋಗಬೇಕು.

ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಏರ್ ಫಿಲ್ಟರಿನ ಮುಚ್ಚಳ ತೆಗೆಸಿದೆ. ನಾನು ಒಳಗೆ ಕೂತು ಚೋಕ್ ಗುಂಡಿ ಒತ್ತಿದೆ. ಹುಡುಗ ಬಾನೆಟ್ ಕೆಳಗಿಂದ ಕೂಗಿದ: "ಅತ್ತೆ, ಗುಂಡಿ ಒಳಗೆ ಹೋಯ್ತು, ಇಲ್ಲಿ ಮುಚ್ಚಳ ಅರ್ಧಕ್ಕೇ ನಿಂತಿದೆ!" ಸಿಕ್ಕಿಬಿತ್ತು ನೋಡಿ ಕಳ್ಳ. ಕೇಬಲ್ ಒಳಗೆ ತುಕ್ಕು, ಧೂಳು. ಸದಾ ಅರ್ಧ ಚೋಕಿನಲ್ಲೇ ಗಾಡಿ ಓಡುತ್ತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಮಸಿ ಹಿಡಿದ ಬಾಣಲೆ ತಳ!

ನನ್ನ ಹೊಲಿಗೆ ಮಿಷನ್ನಿನ ಎಣ್ಣೆ ನಾಲ್ಕು ಹನಿ ಕೇಬಲ್ಲಿಗೆ ಬಿಟ್ಟು, ಹತ್ತಾರು ಸಲ ಎಳೆದು ಒತ್ತಿದೆವು. ಮುಚ್ಚಳ ನೆಟ್ಟಗೆ ನಿಂತಿತು. ಆದರೆ ಗಾಡಿ ಶುರು ಮಾಡಿದರೆ ಬಿಸಿಯಾದ ಮೇಲೆ ನಿಂತೇ ಹೋಯಿತು. ಯಾಕೆ? ಮೆಕ್ಯಾನಿಕ್ ಸ್ಕ್ರೂ ಪೂರ್ತಿ ಬಿಚ್ಚಿದ್ದನಲ್ಲ! ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಸರಿಮಾಡಬೇಕಾಯಿತು.

ನಿಮ್ಮ ಮನೆಯಲ್ಲೂ ಇಂಥ ಹಳೇ ಗಾಡಿ ಇದ್ದರೆ ಈ ಕ್ರಮದಲ್ಲಿ ನೋಡಿಸಿ:

1. ಕಾಲಡಿಯ ಮ್ಯಾಟ್ ಎಕ್ಸಲೇಟರಿಗೆ ಸಿಕ್ಕಿಕೊಂಡಿದೆಯೇ? ಕೇಬಲ್ ಬಿಗಿಯಾಗಿದೆಯೇ? ಕಾಲು ಬಿಟ್ಟಾಗ ಸ್ಪ್ರಿಂಗ್ ಪೂರ್ತಿ ಹಿಂದಕ್ಕೆ ಎಳೆಯುತ್ತದೆಯೇ?

2. ಚೋಕ್ ಗುಂಡಿ ಒತ್ತಿದಾಗ ಕಾರ್ಬುರೇಟರಿನ ಮುಚ್ಚಳ ಪೂರ್ತಿ ತೆರೆಯುತ್ತದೆಯೇ?

3. ಕಾರ್ಬುರೇಟರ್ ಸುತ್ತಲಿನ ರಬ್ಬರ್ ಪೈಪುಗಳು ಬಿರಿದಿವೆಯೇ, ಕಳಚಿವೆಯೇ? ಬುಸ್ ಅನ್ನುವ ಸದ್ದು ಬಂದರೆ ಅಲ್ಲಿಂದ ಬೇಡದ ಗಾಳಿ ಒಳಗೆ ನುಗ್ಗುತ್ತಿದೆ ಅಂತ ಅರ್ಥ. ಕಾರ್ಬುರೇಟರ್ ತಳದ ನಟ್ಟು, ಗ್ಯಾಸ್ಕೆಟ್ಟನ್ನೂ ನೋಡಿಸಿ.

4. ಇಷ್ಟೆಲ್ಲ ಸರಿಯಿದ್ದರೆ ಮಾತ್ರ, ಕೊನೆಗೆ, ಬಿಸಿ ಇಂಜಿನ್ನಿನಲ್ಲಿ ಐಡ್ಲಿಂಗ್ ಸ್ಕ್ರೂ. ಎಷ್ಟಿರಬೇಕು ಅನ್ನೋದು ಗಾಡಿಯ ಪುಸ್ತಕದಲ್ಲಿರುತ್ತೆ. ಆಮೇಲೂ ರೇಸ್ ಇಳಿಯದಿದ್ದರೆ ಟೈಮಿಂಗ್ ನೋಡೋದು ಮೆಕ್ಯಾನಿಕ್ ಕೆಲಸ.

ಎಚ್ಚರಿಕೆಯ ಮಾತೂ ಕೇಳಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು, ಮೂರೂ ಇರಲಿ. ಇಂಜಿನ್ ಓಡುವಾಗ ಸೆರಗು, ಜಡೆ ಫ್ಯಾನಿನ ಹತ್ತಿರ ಸುಳಿಯಬಾರದು. ಬಾಗಿಲು ಹಾಕಿದ ಶೆಡ್ಡಿನಲ್ಲಿ ಗಾಡಿ ಓಡಿಸಲೇಬೇಡಿ, ಆ ಹೊಗೆಯ ವಿಷಕ್ಕೆ ವಾಸನೆ ಇಲ್ಲ, ಪ್ರಾಣವೇ ಹೋದೀತು. ಲೀಕ್ ಹುಡುಕುತ್ತೇವೆ ಅಂತ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಎರಚುವವರಿದ್ದಾರೆ. ಹತ್ತಿರ ಸೇರಿಸಬೇಡಿ.

ಆ ವಾರ ಲೆಕ್ಕ 95ಕ್ಕೆ ಬಂತು. ಎಮಿಷನ್ ಟೆಸ್ಟೂ ಪಾಸಾಯಿತು. ಹೊಸ ಕಾರ್ಬುರೇಟರಿನ ದುಡ್ಡು ಉಳಿಯಿತು.

ಯಜಮಾನರ ಮುಂದೆ ಪುಸ್ತಕ ಬಿಚ್ಚಿಟ್ಟೆ. "ಈ ವಾರ ಓಡಿಸಿದ್ದು ನೀವೇ ಕಣ್ರೀ, ನೀವೂ ಪೆಟ್ರೋಲ್ ಮಾರಿದಿರಾ?" ಅಂದೆ. ಅವರು ಮಾತಾಡಲಿಲ್ಲ. ಗಂಡಸರು ಕ್ಷಮೆ ಕೇಳೋದು ನಮ್ಮ ಕಡೆ ಅಪರೂಪ. ಸಂಜೆ ಹುಡುಗನ ಕೈಗೆ ಗಾಡಿ ಕೀ ಕೊಟ್ಟು, "ಊಟ ಮಾಡ್ಕೊಂಡು ಹೋಗೋ, ನಿಮ್ಮತ್ತೆ ಒಬ್ಬಟ್ಟು ಮಾಡಿದಾಳೆ" ಅಂದರು. ನಾನು ಮಾಡಿರಲಿಲ್ಲ. ಆಗ ಬೇಳೆ ಬೇಯಲು ಇಟ್ಟೆ. ಬಡಿಸುವಾಗ, "ನಾನೂ ಆ ರಾತ್ರಿ ಸುಮ್ಮನಿದ್ದೆ ಕಣಪ್ಪ, ತಪ್ಪು ನಂದೂ ಇದೆ" ಅಂದೆ. "ಬಿಡಿ ಅತ್ತೆ" ಅಂತ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡ.

ಸ್ಕ್ರೂ ತಿರುಗಿಸೋಕೆ ಮುಂಚೆ ಕಾರಣ ಹುಡುಕಿ, ಸೋದರಿಯರೇ. ಬೈಯೋಕೆ ಮುಂಚೆಯೂ ಅಷ್ಟೆ.

ಮುಂದಿನ ಸಂಚಿಕೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಗೆ ಬೂಸ್ಟು ಬಾರದಂತೆ ಏನು ಮಾಡಬೇಕು, ನೋಡೋಣ.